ಪೆಟ್ರೋಲ್ ಬಂಕ್ ಪಕ್ಕದ ಮನೆಯಲ್ಲಿ ಬೆಂಜೀನ್ ಅಪಾಯವನ್ನು ಅಂದಾಜು ಮಾಡುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಪೆಟ್ರೋಲ್ ಬಂಕ್‌ಗೆ ತಾಗಿದಂತೆ ಮನೆ ಇರುವವರು ಗಾಳಿಯ ಪರೀಕ್ಷೆ ಮಾಡಿಸುತ್ತಾರೆ. ವರದಿಯಲ್ಲಿ ಬಂದ ಅಂಕಿಯನ್ನು ಅಂತರ್ಜಾಲದಲ್ಲಿ ಸಿಕ್ಕ ಯಾವುದೋ ಮಿತಿಯ ಪಕ್ಕದಲ್ಲಿಟ್ಟು ನೋಡಿ ಗಾಬರಿಯಾಗುತ್ತಾರೆ, ಇಲ್ಲವೇ ನಿಶ್ಚಿಂತರಾಗಿಬಿಡುತ್ತಾರೆ. ಹೀಗೆ ಕೈತಪ್ಪಿದ ಅಂದಾಜುಗಳನ್ನು ನೋಡುತ್ತ ಬಂದರೆ ಕಾಣುವ ದೋಷ ಹೆಚ್ಚುಕಡಿಮೆ ಒಂದೇ: ಅಳತೆ ಒಂದು ಅವಧಿಯದು, ಹೋಲಿಸಿದ ಮಿತಿ ಇನ್ನೊಂದು ಅವಧಿಯದು. ಗಾಳಿಯಲ್ಲಿ ರಾಸಾಯನಿಕ ಎಷ್ಟಿದೆ ಎಂದು ಕೇಳುವ ಮೊದಲು, ಎಷ್ಟು ಹೊತ್ತಿನ ಸರಾಸರಿಯಲ್ಲಿ ಅಷ್ಟಿದೆ ಎಂದು ಕೇಳಬೇಕು. ಈ ಕ್ರಮ ತಪ್ಪಿದರೆ ಮುಂದಿನ ಲೆಕ್ಕವೆಲ್ಲ ವ್ಯರ್ಥವಾಗುತ್ತದೆ.

ಇಲ್ಲಿ ಬೆಂಜೀನ್ ಒಂದನ್ನೇ ಉದಾಹರಣೆಯಾಗಿ ಹಿಡಿದಿದ್ದೇನೆ. ಪೆಟ್ರೋಲ್ ಆವಿಯಲ್ಲಿ ಟೊಲುವೀನ್, ಜೈಲೀನ್, ಹೆಕ್ಸೇನ್ ಮೊದಲಾದವೂ ಇರುತ್ತವೆ. ಆದರೆ ದೀರ್ಘಕಾಲದ ಅಪಾಯದ ಲೆಕ್ಕದಲ್ಲಿ ಸಾಮಾನ್ಯವಾಗಿ ಮುಂದೆ ನಿಲ್ಲುವುದು ಬೆಂಜೀನ್. ಭಾರತದ ಈಗಿನ ಇಂಧನ ಮಾನದಂಡವಾದ ಬಿಎಸ್-6ರ ಪೆಟ್ರೋಲಿನಲ್ಲಿ ಗಾತ್ರದ ಲೆಕ್ಕದಲ್ಲಿ ಗರಿಷ್ಠ ಶೇ. 1ರಷ್ಟು ಬೆಂಜೀನ್‌ಗೆ ಅವಕಾಶವಿದೆ. ಅದು ರಕ್ತಕಣಗಳ ಉತ್ಪತ್ತಿಯನ್ನು ಕುಗ್ಗಿಸುತ್ತದೆ, ರಕ್ತದ ಕ್ಯಾನ್ಸರ್‌ಗೂ ಕಾರಣವಾಗುತ್ತದೆ. ಈ ಅಪಾಯಕ್ಕೆ ಸುರಕ್ಷಿತ ಮಟ್ಟ ಎಂಬುದನ್ನು ಸೂಚಿಸಲಾಗದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಹಾಗಾಗಿ ಇಲ್ಲಿ ಸಿಗುವುದು "ಅಪಾಯ ಇದೆ" ಅಥವಾ "ಇಲ್ಲ" ಎಂಬ ಉತ್ತರವಲ್ಲ. ಎಷ್ಟು ಎಂಬ ಅಂದಾಜು.

## ಅಳೆಯುತ್ತ ಕೂರಬಾರದ ಸಂದರ್ಭಗಳು

ಕೆಳಗಿನ ಲಕ್ಷಣಗಳು ಕಂಡರೆ ಈ ಮಾರ್ಗದರ್ಶಿಯನ್ನು ಬದಿಗಿಟ್ಟು ಮೊದಲು ಜನರನ್ನು ಹೊರಗೆ ಕಳಿಸಿ.

ನೆಲಮಾಳಿಗೆ, ನೀರಿನ ಸಂಪ್, ಚರಂಡಿ ಅಥವಾ ಕೊಳವೆಬಾವಿಯ ನೀರಿನಲ್ಲಿ ಪೆಟ್ರೋಲ್ ವಾಸನೆ ಬಂದರೆ ಅದು ಭೂಗತ ಟ್ಯಾಂಕಿನ ಸೋರಿಕೆಯ ಸೂಚನೆಯಾಗಿರಬಹುದು. ಅಲ್ಲಿ ವಿಷಕ್ಕಿಂತ ಮೊದಲು ಬೆಂಕಿಯ ಭಯವಿದೆ. ಲೈಟಿನ ಸ್ವಿಚ್ಚನ್ನು ಹಾಕಲೂಬೇಡಿ, ಆರಿಸಲೂಬೇಡಿ; ಸಂಪಿನ ಮೋಟಾರನ್ನು ಮುಟ್ಟಬೇಡಿ; ಹೊರಗೆ ಬಂದ ಮೇಲೆ 112ಕ್ಕೆ ಕರೆ ಮಾಡಿ, ಬಂಕ್‌ನವರಿಗೂ ತಿಳಿಸಿ. ಟ್ಯಾಂಕರ್ ಇಳಿಸುವಾಗ ಪೆಟ್ರೋಲ್ ಚೆಲ್ಲಿ ಹರಿದರೂ ಇದೇ ನಿಯಮ: ಗಾಳಿ ಬೀಸುವ ದಿಕ್ಕಿಗೆ ಓಡದೆ, ಅದಕ್ಕೆ ಅಡ್ಡಲಾಗಿ ದೂರ ಸರಿಯಿರಿ.

ಮನೆಮಂದಿಗೆಲ್ಲ ಒಟ್ಟಿಗೆ ತಲೆನೋವು, ವಾಕರಿಕೆ ಕಾಣಿಸಿಕೊಂಡು, ಹೊರಗೆ ಹೋದಾಗ ಕಡಿಮೆಯಾಗುತ್ತಿದ್ದರೆ ಬಂಕನ್ನು ದೂರುವ ಮೊದಲು ಬಚ್ಚಲಿನ ಗ್ಯಾಸ್ ಗೀಸರ್ ಹಾಗೂ ಜನರೇಟರನ್ನು ನೋಡಿ. ಇಂಗಾಲದ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ಗಂಟೆಗಳೊಳಗೆ ಕೊಲ್ಲಬಲ್ಲದು.

## ಬೇಕಾಗುವ ಸಾಮಗ್ರಿ

ಒಂದು ದಿನಚರಿ ಪುಸ್ತಕ, ಮನೆ ಮತ್ತು ಬಂಕ್ ಎರಡೂ ಕಾಣುವ ನಕ್ಷೆಯ ಮುದ್ರಣ, ಅಳತೆ ಟೇಪ್, ಗಾಳಿಯ ದಿಕ್ಕು ನೋಡಲು ಕೋಲಿಗೆ ಕಟ್ಟಿದ ರಿಬ್ಬನ್. ಗಾಳಿ ನೋಡಲು ಅಗರಬತ್ತಿ ಹಚ್ಚುವ ಅಭ್ಯಾಸ ಕೆಲವರಿಗಿದೆ; ಬಂಕ್‌ನ ಆಸುಪಾಸಿನಲ್ಲಿ ಅದು ಸಲ್ಲದು, ಮೇಲಾಗಿ ಅಗರಬತ್ತಿಯ ಹೊಗೆಯಲ್ಲೇ ಬೆಂಜೀನ್ ಇರುತ್ತದೆ.

ಮಾದರಿ ಸಂಗ್ರಹಕ್ಕೆ ಪಂಪ್ ಇಲ್ಲದೆ ಬೆಂಜೀನನ್ನು ತಾನಾಗಿಯೇ ಹೀರಿಕೊಳ್ಳುವ ಪ್ಯಾಸಿವ್ ಸ್ಯಾಂಪ್ಲರ್‌ಗಳು ಬೇಕು. ಅವನ್ನು ಗ್ಯಾಸ್ ಕ್ರೊಮಟೋಗ್ರಫಿ (ಬೆರೆತ ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ) ಯಂತ್ರದಲ್ಲಿ ಪರೀಕ್ಷಿಸಲು ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಪಡೆದ ಪ್ರಯೋಗಾಲಯ ಬೇಕು. ಪ್ರಯೋಗಾಲಯಕ್ಕೆ ಮಾನ್ಯತೆ ಇದ್ದರೆ ಸಾಲದು. "ಹೊರಾಂಗಣ ಗಾಳಿಯಲ್ಲಿ ಬೆಂಜೀನ್" ಎಂಬ ಪರೀಕ್ಷೆ ಆ ಮಾನ್ಯತೆಯ ವ್ಯಾಪ್ತಿಯಲ್ಲಿದೆಯೇ ಎಂದು ಹಣ ಕಟ್ಟುವ ಮೊದಲೇ ಕೇಳಿ.

ಆನ್‌ಲೈನ್‌ನಲ್ಲಿ ಮಾರುವ ಅಗ್ಗದ "ಟಿವಿಒಸಿ" (ಆವಿಯಾಗುವ ಎಲ್ಲ ಸಾವಯವ ರಾಸಾಯನಿಕಗಳ ಒಟ್ಟು ಮೊತ್ತ) ಮೀಟರ್‌ಗಳಿಗೆ ದುಡ್ಡು ಸುರಿಯಬೇಡಿ. ಅವು ಬೆಂಜೀನನ್ನು ಬೇರ್ಪಡಿಸಿ ಗುರುತಿಸುವುದಿಲ್ಲ. ಸ್ಯಾನಿಟೈಸರ್, ಸೊಳ್ಳೆ ಬತ್ತಿ, ಸಾರಿನ ಒಗ್ಗರಣೆ, ಎಲ್ಲಕ್ಕೂ ಅವುಗಳ ಅಂಕಿ ಜಿಗಿಯುತ್ತದೆ.

## ಹಂತ 1: ಪ್ರಶ್ನೆಯನ್ನು ಖಚಿತಪಡಿಸಿಕೊಳ್ಳಿ

ಬಂಕ್ ಪಕ್ಕದ ಮನೆಯಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿರುತ್ತವೆ. ಟ್ಯಾಂಕರ್ ಬಂದಾಗ ಒಂದು ಗಂಟೆ ಕಾಲ ತೀವ್ರವಾದ ಆವಿ ಬರುತ್ತದೆಯಲ್ಲ, ಅದು ಆ ಹೊತ್ತಿನಲ್ಲಿ ಏನು ಮಾಡುತ್ತದೆ ಎಂಬುದು ಮೊದಲನೆಯದು. ದಿನವೂ ಸ್ವಲ್ಪ ಸ್ವಲ್ಪವೇ ಉಸಿರಿಗೆ ಸೇರುವುದು ಹತ್ತಿಪ್ಪತ್ತು ವರ್ಷಗಳಲ್ಲಿ ಏನು ಮಾಡುತ್ತದೆ ಎಂಬುದು ಎರಡನೆಯದು. ಮೊದಲನೆಯದಕ್ಕೆ ಒಂದು ಗಂಟೆಯ ಅಳತೆ ಬೇಕು, ಎರಡನೆಯದಕ್ಕೆ ವರ್ಷದ ಸರಾಸರಿ ಬೇಕು. ಒಂದರ ಅಳತೆಯಿಂದ ಇನ್ನೊಂದಕ್ಕೆ ಉತ್ತರ ಹೇಳಲಾಗದು.

ಯಾರ ಬಗ್ಗೆ ಅಂದಾಜು ಮಾಡುತ್ತಿದ್ದೀರಿ ಎಂಬುದನ್ನೂ ಈ ಹಂತದಲ್ಲೇ ಬರೆದಿಡಿ. ಇಡೀ ದಿನ ಮನೆಯಲ್ಲೇ ಇರುವ ಅಜ್ಜಿಯ ಲೆಕ್ಕವೇ ಬೇರೆ, ಬೆಳಿಗ್ಗೆ ಹೋಗಿ ರಾತ್ರಿ ಬರುವ ಮಗನ ಲೆಕ್ಕವೇ ಬೇರೆ. ಬಂಕ್‌ನಲ್ಲಿ ಪೆಟ್ರೋಲ್ ಹಾಕುವ ನೌಕರರು ಉಸಿರಾಡುವ ಗಾಳಿಯನ್ನು ಅವರ ಅಂಗಿಯ ಕಾಲರ್ ಬಳಿಯೇ ಅಳೆಯಬೇಕಾಗುತ್ತದೆ. ನಿಮ್ಮ ಬಾಲ್ಕನಿಯ ಅಂಕಿ ಅವರಿಗೆ ಅನ್ವಯಿಸುವುದಿಲ್ಲ.

## ಹಂತ 2: ಆವಿ ಬರುವ ದಾರಿಯನ್ನು ನಕ್ಷೆಯಲ್ಲಿ ಗುರುತಿಸಿ

ಬಂಕ್‌ನಲ್ಲಿ ಆವಿ ಹೊರಬರುವ ಜಾಗಗಳು ಮುಖ್ಯವಾಗಿ ಮೂರು: ವಾಹನಕ್ಕೆ ಪೆಟ್ರೋಲ್ ಹಾಕುವ ನಾಜಲ್, ಟ್ಯಾಂಕರ್‌ನಿಂದ ಇಳಿಸುವ ಬಾಯಿ, ಭೂಗತ ಟ್ಯಾಂಕಿಗೆ ಜೋಡಿಸಿದ ವೆಂಟ್ ಪೈಪ್. ಜನರ ಕಣ್ಣು ಬೀಳುವುದು ನಾಜಲ್ ಮೇಲೆ. ಗಮನಿಸಬೇಕಾದದ್ದು ವೆಂಟ್ ಪೈಪನ್ನು. ಹೆಚ್ಚಾಗಿ ಕಾಂಪೌಂಡ್ ಗೋಡೆಗೆ ಅಂಟಿಕೊಂಡು ನೆಟ್ಟಗೆ ನಿಂತಿರುವ ತೆಳ್ಳನೆಯ ಕೊಳವೆಗಳು ಅವು. ಟ್ಯಾಂಕರ್‌ನಿಂದ ಪೆಟ್ರೋಲ್ ಕೆಳಗಿಳಿದಂತೆ ಟ್ಯಾಂಕಿನೊಳಗಿದ್ದ ಆವಿ ಮೇಲಕ್ಕೆ ತಳ್ಳಲ್ಪಡುತ್ತದೆ. ಆವಿಯನ್ನು ಟ್ಯಾಂಕರ್‌ಗೇ ಹಿಂದಿರುಗಿಸುವ ಮೆದುಗೊಳವೆ ಜೋಡಿಸದಿದ್ದರೆ ಅದು ವೆಂಟ್ ಪೈಪಿನ ತುದಿಯಿಂದ ಹೊರಬೀಳುತ್ತದೆ, ಆ ತುದಿ ಎಷ್ಟೋ ಕಡೆ ಮೊದಲನೆಯ ಮಹಡಿಯ ಕಿಟಕಿಯ ಎತ್ತರಕ್ಕೇ ಇರುತ್ತದೆ.

ಈ ಮೂರೂ ಜಾಗಗಳಿಂದ ನಿಮ್ಮ ಕಿಟಕಿಗಿರುವ ದೂರವನ್ನು ಅಳೆದು ಬರೆಯಿರಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಮಾರ್ಗಸೂಚಿಯ ಪ್ರಕಾರ ಹೊಸ ಬಂಕ್‌ಗಳು ಶಾಲೆ, ಹತ್ತು ಹಾಸಿಗೆ ಮೇಲ್ಪಟ್ಟ ಆಸ್ಪತ್ರೆ ಹಾಗೂ ವಸತಿ ಪ್ರದೇಶಗಳಿಂದ 50 ಮೀಟರ್ ದೂರವಿರಬೇಕು, ಅನಿವಾರ್ಯ ಸಂದರ್ಭದಲ್ಲೂ 30 ಮೀಟರ್‌ಗಿಂತ ಹತ್ತಿರ ಇರಕೂಡದು. ಈ ದೂರವನ್ನು ಮೇಲಿನ ಮೂರು ಜಾಗಗಳಲ್ಲಿ ಹತ್ತಿರದ್ದರಿಂದ ಅಳೆಯಬೇಕೇ ಹೊರತು ಬಂಕ್‌ನ ಗೇಟಿನಿಂದಲ್ಲ.

ಬಳಿಕ ಎರಡು ವಾರ ದಿನಚರಿ ಬರೆಯಿರಿ: ಟ್ಯಾಂಕರ್ ಯಾವ ಹೊತ್ತಿಗೆ ಬಂತು, ಎಷ್ಟು ಹೊತ್ತು ನಿಂತಿತ್ತು, ಆಗ ರಿಬ್ಬನ್ ಯಾವ ಕಡೆ ಹಾರುತ್ತಿತ್ತು. ಬೆಂಗಳೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದ ಗಾಳಿ, ನವೆಂಬರ್‌ನಿಂದ ಜನವರಿವರೆಗೆ ಪೂರ್ವದ ಗಾಳಿ ಪ್ರಬಲ. ಹಾಗಾಗಿ ಬಂಕ್‌ನ ಪೂರ್ವಕ್ಕಿರುವ ಮನೆಗೆ ಮಳೆಗಾಲದಲ್ಲಿ ಬರುವ ಆವಿ ಚಳಿಗಾಲದಲ್ಲಿ ಬರದೇ ಇರಬಹುದು. ಮಂಗಳೂರಿನಂಥ ಕರಾವಳಿಯಲ್ಲಿ ಕಡಲಗಾಳಿ ಮತ್ತು ನೆಲಗಾಳಿಯಿಂದಾಗಿ ಹಗಲು ಒಂದು ದಿಕ್ಕಾದರೆ ರಾತ್ರಿ ಇನ್ನೊಂದು ದಿಕ್ಕು.

ಮನೆಯೊಳಗಿನ ಮೂಲಗಳನ್ನೂ ಪಟ್ಟಿ ಮಾಡಿ. ಕೆಳಮಹಡಿಯ ಪಾರ್ಕಿಂಗ್‌ನಲ್ಲಿ ಸಾಲಾಗಿ ನಿಂತ ಸ್ಕೂಟರ್‌ಗಳು, ಅಟ್ಟದ ಮೇಲಿನ ಅರ್ಧ ಖಾಲಿಯಾದ ಥಿನ್ನರ್ ಡಬ್ಬ, ಜನರೇಟರ್‌ಗೆಂದು ಕ್ಯಾನಿನಲ್ಲಿ ತಂದಿಟ್ಟ ಪೆಟ್ರೋಲ್. ಮನೆಯಲ್ಲಿ ಬೀಡಿ ಸಿಗರೇಟು ಸೇದುವವರಿದ್ದರೆ ಅವರ ಉಸಿರಿಗೆ ಸೇರುವ ಬೆಂಜೀನಿನ ಬಹುಪಾಲು ಅದರಿಂದಲೇ ಬರುತ್ತಿರಬಹುದು, ಬಂಕ್‌ನಿಂದಲ್ಲ.

ಈ ಹಂತದಲ್ಲಿ ಎರಡು ತಪ್ಪು ನಂಬಿಕೆಗಳು ದಾರಿ ತಪ್ಪಿಸುತ್ತವೆ. "ವಾಸನೆ ಇಲ್ಲ, ಹಾಗಾಗಿ ಬೆಂಜೀನ್ ಇಲ್ಲ" ಎಂಬುದು ಒಂದು. ಬೆಂಜೀನನ್ನು ಮೂಗು ಗುರುತಿಸುವ ಮಟ್ಟ ನಮ್ಮ ವಾರ್ಷಿಕ ಮಿತಿಗಿಂತ ನೂರಾರು ಪಟ್ಟು ಮೇಲಿದೆ. "ಬೆಂಜೀನ್ ಗಾಳಿಗಿಂತ ಭಾರ, ಎರಡನೆಯ ಮಹಡಿಗೆ ಬರುವುದಿಲ್ಲ" ಎಂಬುದು ಇನ್ನೊಂದು. ಟ್ಯಾಂಕಿನ ಬಾಯಿಯಲ್ಲಿ ದಟ್ಟವಾಗಿರುವ ಆವಿ ನೆಲಕ್ಕೆ ಇಳಿಯುವುದು ನಿಜ. ಆದರೆ ಗಾಳಿಯಲ್ಲಿ ಮೈಕ್ರೋಗ್ರಾಂ ಮಟ್ಟಕ್ಕೆ ಬೆರೆತ ಮೇಲೆ ಅದು ಬೇರೆಯಾಗಿ ಕೆಳಗಿಳಿಯುವುದಿಲ್ಲ, ಗಾಳಿ ಹೋದಲ್ಲಿಗೆ ಹೋಗುತ್ತದೆ.

## ಹಂತ 3: ಮಾದರಿ ಸಂಗ್ರಹಿಸಿ

ಭಾರತದ 2009ರ ರಾಷ್ಟ್ರೀಯ ವಾಯು ಗುಣಮಟ್ಟ ಮಾನದಂಡದಲ್ಲಿ ಬೆಂಜೀನ್‌ನ ಮಿತಿ ಒಂದು ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ. (ಮುಂದೆ ಬರೀ ಮೈಕ್ರೋಗ್ರಾಂ ಎಂದು ಬರೆದಲ್ಲೆಲ್ಲ ಒಂದು ಘನ ಮೀಟರ್ ಗಾಳಿಗೆ ಎಂದೇ ಅರ್ಥ.) ಇದು ವಾರ್ಷಿಕ ಸರಾಸರಿ, ಬೆಂಜೀನ್‌ಗೆ 24 ಗಂಟೆಯ ಮಿತಿಯನ್ನು ಆ ಮಾನದಂಡ ಕೊಟ್ಟೇ ಇಲ್ಲ. ವಾರ್ಷಿಕ ಸರಾಸರಿ ಎಂದರೆ ಏನು ಎಂಬುದನ್ನೂ ಅದು ಹೇಳುತ್ತದೆ: ವಾರಕ್ಕೆ ಎರಡು ದಿನದಂತೆ, ಒಂದೇ ಜಾಗದಲ್ಲಿ, ತಲಾ 24 ಗಂಟೆಯ ಕನಿಷ್ಠ 104 ಅಳತೆಗಳ ಸರಾಸರಿ. ಒಂದು ಮಂಗಳವಾರ ಮಧ್ಯಾಹ್ನ ಎರಡು ಗಂಟೆ ಪಂಪ್ ಓಡಿಸಿ ಬಂದ ಅಂಕಿಯನ್ನು ಇದರ ಪಕ್ಕದಲ್ಲಿಡುವುದು ಎಷ್ಟು ಅಸಂಗತ ಎಂಬುದು ಇಷ್ಟರಿಂದಲೇ ತಿಳಿಯುತ್ತದೆ.

ಮನೆಯವರಿಂದ 104 ಅಳತೆ ಸಾಧ್ಯವಿಲ್ಲ. ಸಾಧ್ಯವಾಗುವ ದಾರಿ ಇದು: ಪ್ರತಿ ಋತುವಿನಲ್ಲಿ ಎರಡೆರಡು ವಾರ, ಅಂದರೆ ಬೇಸಿಗೆ, ಮಳೆಗಾಲ, ಮಳೆಗಾಲದ ಕೊನೆ ಮತ್ತು ಚಳಿಗಾಲದಲ್ಲಿ ಒಟ್ಟು ಎಂಟು ವಾರ ಪ್ಯಾಸಿವ್ ಸ್ಯಾಂಪ್ಲರ್ ತೂಗುಹಾಕಿ. ಐರೋಪ್ಯ ಒಕ್ಕೂಟದ 2008ರ ವಾಯು ಗುಣಮಟ್ಟ ನಿರ್ದೇಶನವೂ ಸೂಚಕ ಅಳತೆಗೆ ವರ್ಷದ ಶೇ. 14 ಭಾಗವನ್ನು, ಅಂದರೆ ಸುಮಾರು ಎಂಟು ವಾರಗಳನ್ನೇ ಕೇಳಿತ್ತು. ಕಾನೂನಿನ ಮುಂದೆ ಇದು ಮಂಡಳಿಯ ಅಳತೆಗೆ ಸಮನಾಗದು. ಅಪಾಯದ ಅಂದಾಜಿಗೆ ಮಾತ್ರ ಒಂದು ದಿನದ ಅಳತೆಗಿಂತ ಎಷ್ಟೋ ಮೇಲು.

ಸ್ಯಾಂಪ್ಲರ್ ಹಾಕುವ ಜಾಗಗಳು ಕನಿಷ್ಠ ಮೂರು ಇರಲಿ: ಬಂಕ್ ಕಡೆಯ ಬಾಲ್ಕನಿ, ಹೆಚ್ಚು ಹೊತ್ತು ಕಳೆಯುವ ಮಲಗುವ ಕೋಣೆ, ಬಂಕ್‌ನಿಂದ ದೂರವಿರುವ, ಆದರೆ ಅಷ್ಟೇ ವಾಹನ ಸಂಚಾರವಿರುವ ರಸ್ತೆಯ ಒಂದು ಮನೆ. ಮೂರನೆಯದನ್ನು ಹಿನ್ನೆಲೆ ಮಟ್ಟ ಎನ್ನುತ್ತಾರೆ. ಹಣ ಉಳಿಸಲು ಎಲ್ಲರೂ ಮೊದಲು ಕೈಬಿಡುವುದು ಇದನ್ನೇ, ಬಿಟ್ಟರೆ ಅಂದಾಜು ನಿಲ್ಲದಿರುವುದೂ ಇಲ್ಲಿಯೇ. ಬೆಂಜೀನ್ ಬಂಕ್‌ನಿಂದ ಬಂತೋ ರಸ್ತೆಯ ಆಟೋಗಳಿಂದ ಬಂತೋ ಎಂದು ಬಂಕ್‌ನವರು ಕೇಳಿದಾಗ ಉತ್ತರ ಕೊಡುವುದು ಈ ಅಂಕಿಯೊಂದೇ.

ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ, ಮಳೆಯ ಇರಿಚಲು ಮತ್ತು ನೇರ ಬಿಸಿಲು ತಾಗದಂತೆ, ಅಡುಗೆಮನೆಯ ಕಿಟಕಿ ಹಾಗೂ ದೇವರ ಕೋಣೆಯಿಂದ ದೂರದಲ್ಲಿ ತೂಗುಹಾಕಿ. ಮುಚ್ಚಳ ತೆಗೆದ ಮತ್ತು ಹಾಕಿದ ಗಂಟೆ ನಿಮಿಷವನ್ನು ಚೀಟಿಯಲ್ಲಿ ಬರೆಯಿರಿ. ಪ್ರತಿ ಸುತ್ತಿನಲ್ಲೂ ಒಂದು ಜಾಗದಲ್ಲಿ ಜೋಡಿ ಸ್ಯಾಂಪ್ಲರ್ ಇಡಿ, ಇನ್ನೊಂದನ್ನು ಮುಚ್ಚಳ ತೆರೆಯದೆ ಉಳಿದವುಗಳ ಜೊತೆಗೇ ಪ್ರಯೋಗಾಲಯಕ್ಕೆ ಕಳಿಸಿ. ಜೋಡಿಯ ಎರಡು ಅಂಕಿಗಳು ತುಂಬ ಬೇರೆಯಾದರೆ, ಅಥವಾ ತೆರೆಯದೇ ಇದ್ದುದರಲ್ಲೂ ಬೆಂಜೀನ್ ಕಂಡರೆ, ಆ ಸುತ್ತನ್ನು ನಂಬಬೇಡಿ. ಸ್ಯಾಂಪ್ಲರ್‌ಗಳನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಸಾಗಿಸಿದರೆ ಹೀಗಾಗುವ ಸಂಭವವಿದೆ.

ಟ್ಯಾಂಕರ್ ಹೊತ್ತಿನ ಪ್ರಶ್ನೆಯಿದ್ದರೆ ಪ್ಯಾಸಿವ್ ಸ್ಯಾಂಪ್ಲರ್ ಸಾಲದು. ಪ್ರಯೋಗಾಲಯದವರನ್ನೇ ಕರೆಸಿ, ಪಂಪ್ ಜೋಡಿಸಿದ ಇದ್ದಿಲ ಕೊಳವೆಯಲ್ಲಿ ಆ ಒಂದು ಗಂಟೆಯ ಗಾಳಿಯನ್ನು ಹಿಡಿಸಬೇಕು.

## ಹಂತ 4: ವರದಿಯನ್ನು ಓದಿ

ಮೊದಲು ಏಕಮಾನ ನೋಡಿ. ಪಿಪಿಬಿಯಲ್ಲಿದ್ದರೆ (ನೂರು ಕೋಟಿಯಲ್ಲಿ ಒಂದು ಭಾಗ) ಬೆಂಜೀನ್ ಮಟ್ಟಿಗೆ 3.19ರಿಂದ ಗುಣಿಸಿದರೆ 25 ಡಿಗ್ರಿ ಉಷ್ಣತೆಯಲ್ಲಿ ಮೈಕ್ರೋಗ್ರಾಂ ಸಿಗುತ್ತದೆ. ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಭಾಗ) ಆಗಿದ್ದರೆ 3,190ರಿಂದ ಗುಣಿಸಬೇಕು. ಮಿಲಿಗ್ರಾಂ ಮತ್ತು ಮೈಕ್ರೋಗ್ರಾಂ ಅದಲುಬದಲಾದರೆ ತಪ್ಪು ಸಾವಿರ ಪಟ್ಟಿನದು.

"ಬಿಡಿಎಲ್" ಎಂದು ಬರೆದಿದ್ದರೆ ಅದು ಸೊನ್ನೆಯಲ್ಲ. ಪತ್ತೆ ಮಿತಿಗಿಂತ, ಅಂದರೆ ಆ ವಿಧಾನ ಗುರುತಿಸಬಲ್ಲ ಅತಿ ಸಣ್ಣ ಪ್ರಮಾಣಕ್ಕಿಂತ, ಕಡಿಮೆ ಎಂದಷ್ಟೇ ಅರ್ಥ. ಆ ಪತ್ತೆ ಮಿತಿ ಎಷ್ಟು ಎಂದು ಪಕ್ಕದಲ್ಲಿ ಬರೆದಿರಬೇಕು. ಕಾರ್ಖಾನೆಯ ಒಳಗಿನ ಗಾಳಿಗೆ ಬಳಸುವ ವಿಧಾನದಲ್ಲಿ ಪರೀಕ್ಷಿಸಿ, ನೂರಾರು ಮೈಕ್ರೋಗ್ರಾಂ ಪತ್ತೆ ಮಿತಿಯಿಟ್ಟುಕೊಂಡು "ಬಿಡಿಎಲ್" ಎಂದು ಕೊಟ್ಟ ವರದಿಯಿಂದ 5 ಮೈಕ್ರೋಗ್ರಾಂ ಮಿತಿಯ ಬಗ್ಗೆ ಏನೂ ತಿಳಿಯದು. ಪತ್ತೆ ಮಿತಿ 0.5 ಮೈಕ್ರೋಗ್ರಾಂ ಆಸುಪಾಸಿನಲ್ಲಿರಲಿ ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳಿ.

## ಹಂತ 5: ಉಸಿರಿಗೆ ಸಿಗುವ ಸರಾಸರಿಯನ್ನು ಲೆಕ್ಕ ಹಾಕಿ

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ (ಇಪಿಎ) 2009ರಲ್ಲಿ ಪ್ರಕಟಿಸಿದ ಉಸಿರಾಟದ ಅಪಾಯದ ಮಾರ್ಗಸೂಚಿಯ ಸೂತ್ರ ಹೀಗಿದೆ:

ಸರಾಸರಿ = ಗಾಳಿಯಲ್ಲಿನ ಪ್ರಮಾಣ × ದಿನಕ್ಕೆ ಗಂಟೆ × ವರ್ಷಕ್ಕೆ ದಿನ × ವರ್ಷಗಳು ÷ ಒಟ್ಟು ಅವಧಿಯ ಗಂಟೆಗಳು

ಕೊನೆಯ ಪದದಲ್ಲೇ ಎಲ್ಲರೂ ಎಡವುವುದು. ಕ್ಯಾನ್ಸರ್ ಅಲ್ಲದ ಪರಿಣಾಮಗಳಿಗೆ ಆ ಅವಧಿ ವಾಸವಿದ್ದ ವರ್ಷಗಳಷ್ಟೇ. ಕ್ಯಾನ್ಸರ್‌ಗಾದರೆ 70 ವರ್ಷದ ಇಡೀ ಜೀವಮಾನ, ಅಂದರೆ 6,13,200 ಗಂಟೆ.

ಲೆಕ್ಕ ತೋರಿಸಲು ಊಹಿಸಿಕೊಂಡ ಅಂಕಿಗಳನ್ನು ಇಡೋಣ. ಎಂಟು ವಾರಗಳ ಸರಾಸರಿ ಮನೆಯಲ್ಲಿ 14 ಮೈಕ್ರೋಗ್ರಾಂ, ಹಿನ್ನೆಲೆ ಮನೆಯಲ್ಲಿ 4. ಅಜ್ಜಿ ದಿನಕ್ಕೆ 20 ಗಂಟೆ, ವರ್ಷಕ್ಕೆ 350 ದಿನ, 20 ವರ್ಷ ಅಲ್ಲಿರುತ್ತಾರೆ. ಕ್ಯಾನ್ಸರ್ ಅಲ್ಲದ ಪರಿಣಾಮಗಳಿಗೆ 14 × 20 × 350 × 20 ÷ (20 × 365 × 24), ಅಂದರೆ 11.2 ಮೈಕ್ರೋಗ್ರಾಂ. ಕ್ಯಾನ್ಸರ್ ಲೆಕ್ಕಕ್ಕೆ ಅದೇ ಅಂಶವನ್ನು 6,13,200ರಿಂದ ಭಾಗಿಸಿದರೆ 3.2 ಮೈಕ್ರೋಗ್ರಾಂ.

ದೇಹದ ತೂಕದಿಂದ ಭಾಗಿಸುವುದು, ದಿನಕ್ಕೆ 20 ಘನ ಮೀಟರ್ ಉಸಿರಾಟ ಎಂದು ಗುಣಿಸುವುದು ಹಳೆಯ ಪದ್ಧತಿ. ವಿದ್ಯಾರ್ಥಿಗಳ ವರದಿಗಳಲ್ಲಿ ಇದು ಇನ್ನೂ ಕಾಣುತ್ತದೆ. ಮುಂದಿನ ಹಂತದಲ್ಲಿ ಬಳಸುವ ಮಿತಿಗಳು ಗಾಳಿಯಲ್ಲಿನ ಪ್ರಮಾಣದ ಲೆಕ್ಕದಲ್ಲೇ ಇರುವುದರಿಂದ ಎರಡನ್ನೂ ಬೆರೆಸಿದರೆ ಉತ್ತರಕ್ಕೆ ಅರ್ಥವೇ ಉಳಿಯುವುದಿಲ್ಲ.

## ಹಂತ 6: ಸರಿಯಾದ ಮಿತಿಯೊಂದಿಗೆ ಹೋಲಿಸಿ

ಕ್ಯಾನ್ಸರ್ ಅಲ್ಲದ ಪರಿಣಾಮಕ್ಕೆ ಇಪಿಎ ಕೊಡುವ ಉಲ್ಲೇಖ ಮಟ್ಟ 30 ಮೈಕ್ರೋಗ್ರಾಂ. 11.2ನ್ನು 30ರಿಂದ ಭಾಗಿಸಿದರೆ 0.37. ಈ ಭಾಗಲಬ್ಧ 1ಕ್ಕಿಂತ ಕಡಿಮೆಯಿದ್ದರೆ ರಕ್ತಕಣಗಳ ಇಳಿಕೆಯಂಥ ಪರಿಣಾಮ ನಿರೀಕ್ಷಿತವಲ್ಲ ಎಂದು ಓದಬೇಕು. 1ನ್ನು ಮೀರಿದರೆ ಕಾಯಿಲೆ ಖಚಿತ ಎಂದಲ್ಲ, ಹೆಚ್ಚಿನ ಪರಿಶೀಲನೆ ಬೇಕು ಎಂದರ್ಥ.

ಕ್ಯಾಲಿಫೋರ್ನಿಯಾ ರಾಜ್ಯ 2014ರಲ್ಲಿ ನಿಗದಿಪಡಿಸಿದ ದೀರ್ಘಕಾಲದ ಮಟ್ಟ 3 ಮೈಕ್ರೋಗ್ರಾಂ ಮಾತ್ರ. ಅದನ್ನು ಹಿಡಿದರೆ ಇದೇ ಅಜ್ಜಿಯ ಭಾಗಲಬ್ಧ 3.7 ಆಗುತ್ತದೆ. ಎರಡೂ ಸಂಸ್ಥೆಗಳು ರಕ್ತದ ಮೇಲಿನ ಪರಿಣಾಮವನ್ನೇ ಆಧರಿಸಿವೆ. ಆಯ್ದುಕೊಂಡ ಅಧ್ಯಯನ ಮತ್ತು ಲೆಕ್ಕದ ದಾರಿ ಬೇರೆ. ನಿಮಗೆ ಒಪ್ಪುವ ಉತ್ತರ ಕೊಡುವ ಮಿತಿಯನ್ನು ಮಾತ್ರ ತೋರಿಸುವ ಆಸೆ ಇಲ್ಲಿ ಹುಟ್ಟುತ್ತದೆ. ಎರಡನ್ನೂ ಬರೆಯುವುದೇ ಸರಿಯಾದ ಕ್ರಮ. ದೂರು ಕೊಟ್ಟಾಗ, ಒಂದನ್ನೇ ತೋರಿಸಿದ ವರದಿಯನ್ನು ಮೊದಲ ವಿಚಾರಣೆಯಲ್ಲೇ ಬಂಕ್‌ನವರು ಹರಿದುಹಾಕುತ್ತಾರೆ.

ಕ್ಯಾನ್ಸರ್‌ಗೆ ಇಪಿಎ ಒಂದೇ ಅಂಕಿ ಕೊಡದೆ ವ್ಯಾಪ್ತಿ ಕೊಡುತ್ತದೆ. ಜೀವಮಾನವಿಡೀ 1 ಮೈಕ್ರೋಗ್ರಾಂ ಉಸಿರಾಡಿದರೆ ಹತ್ತು ಲಕ್ಷ ಜನರಲ್ಲಿ ಹೆಚ್ಚುವರಿಯಾಗಿ 2.2ರಿಂದ 7.8 ಮಂದಿಗೆ ರಕ್ತದ ಕ್ಯಾನ್ಸರ್ ಬರಬಹುದು ಎಂಬ ಅಂದಾಜು ಅದು. ನಮ್ಮ 3.2ಕ್ಕೆ ಇದು ಹತ್ತು ಲಕ್ಷಕ್ಕೆ 7ರಿಂದ 25 ಆಗುತ್ತದೆ. 14ರಲ್ಲಿ 4 ಹಿನ್ನೆಲೆಯದಾದ್ದರಿಂದ, ಅದರಲ್ಲಿ 2ರಿಂದ 7ರಷ್ಟು ಹಿನ್ನೆಲೆಯ ಪಾಲು, 5ರಿಂದ 18ರಷ್ಟು ಬಂಕ್‌ನ ಪಾಲು. ಅಮೆರಿಕದಲ್ಲಿ ಕಲುಷಿತ ತಾಣಗಳ ನಿರ್ಧಾರಕ್ಕೆ ಹತ್ತು ಲಕ್ಷಕ್ಕೆ 1ರಿಂದ 100ರವರೆಗಿನ ವ್ಯಾಪ್ತಿಯನ್ನು ಬಳಸುತ್ತಾರೆ. ಈ ಮನೆ ಅದರ ನಡುವೆ ಬೀಳುತ್ತದೆ.

ರಾಷ್ಟ್ರೀಯ ಮಾನದಂಡದ ಹೋಲಿಕೆಗೆ ಮಾತ್ರ 11.2 ಆಗಲಿ 3.2 ಆಗಲಿ ಬೇಡ. ಆ ಮಾನದಂಡ ಗಾಳಿಗೆ ಸಂಬಂಧಿಸಿದ್ದು, ಮನುಷ್ಯನ ದಿನಚರಿಗಲ್ಲ. ಆದ್ದರಿಂದ ಬಾಲ್ಕನಿಯ ಹೊರಾಂಗಣ ಸರಾಸರಿಯೂ 14 ಎಂದೇ ಇಟ್ಟುಕೊಂಡರೆ, ಅದನ್ನು 5ರ ಪಕ್ಕದಲ್ಲಿ ನೇರವಾಗಿ ಇಡಬೇಕು: ಹತ್ತಿರಹತ್ತಿರ ಮೂರು ಪಟ್ಟು. ಒಂದೇ ಗಾಳಿಗೆ ಮಾನದಂಡ ಮೀರಿದೆ ಎಂಬುದೂ ಭಾಗಲಬ್ಧ 0.37 ಎಂಬುದೂ ಒಟ್ಟಿಗೆ ನಿಜವಾಗಿರಬಹುದು, ಏಕೆಂದರೆ ಅವು ಬೇರೆ ಬೇರೆ ಪ್ರಶ್ನೆಗಳ ಉತ್ತರಗಳು.

ಟ್ಯಾಂಕರ್ ಹೊತ್ತಿನ ಒಂದು ಗಂಟೆಯ ಅಳತೆಯನ್ನು ಕ್ಯಾಲಿಫೋರ್ನಿಯಾದ ಒಂದು ಗಂಟೆಯ ಮಟ್ಟವಾದ 27 ಮೈಕ್ರೋಗ್ರಾಂ ಜೊತೆ ಹೋಲಿಸಿ. ಕಾರ್ಖಾನೆ ನೌಕರರಿಗಿರುವ ಎಂಟು ಗಂಟೆಯ ಮಿತಿಗಳನ್ನು ಮನೆಗೆ ಬಳಸಲೇಬೇಡಿ. ಅವು ದುಡಿಯುವ ವಯಸ್ಸಿನ ಆರೋಗ್ಯವಂತರಿಗಾಗಿ ಮಾಡಿದವು, ಕೂಸಿಗೂ ಬಸುರಿಗೂ ಅಲ್ಲ.

## ಹಂತ 7: ರಕ್ತ ಪರೀಕ್ಷೆಯ ಕಡೆ ಓಡುವ ಮೊದಲು

ಅಂಕಿ ಹೆಚ್ಚು ಬಂದ ಕೂಡಲೇ ಮನೆಯವರೆಲ್ಲರ ರಕ್ತ ಪರೀಕ್ಷೆ ಮಾಡಿಸುವುದರಿಂದ ಪ್ರಯೋಜನ ಕಡಿಮೆ. ಇಷ್ಟು ಕಡಿಮೆ ಮಟ್ಟದ ಬೆಂಜೀನಿನ ಪರಿಣಾಮ ಸಾಮಾನ್ಯ ರಕ್ತಕಣ ಎಣಿಕೆಯಲ್ಲಿ ಕಾಣುವುದಿಲ್ಲ. ಬೆಂಜೀನ್ ದೇಹದಲ್ಲಿ ಒಡೆದಾಗ ಉಂಟಾಗುವ ಮ್ಯೂಕೋನಿಕ್ ಆಮ್ಲವನ್ನು ಮೂತ್ರದಲ್ಲಿ ಅಳೆಯುವ ಪರೀಕ್ಷೆಯೂ, ಪ್ಯಾಕೆಟ್ ತಿಂಡಿಗಳಲ್ಲಿನ ಸೋರ್ಬಿಕ್ ಆಮ್ಲವೆಂಬ ಸಂರಕ್ಷಕದಿಂದಾಗಿ ಏರುಪೇರಾಗುತ್ತದೆ. ಆದರೆ ಬಿಡದ ಸುಸ್ತು, ಕಾರಣವಿಲ್ಲದೆ ಮೈಮೇಲೆ ಮೂಡುವ ನೀಲಿ ಕಲೆ, ಒಸಡಿನ ರಕ್ತಸ್ರಾವ, ಮರಳಿ ಮರಳಿ ಬರುವ ಜ್ವರ ಇದ್ದರೆ ಬಂಕ್ ಇರಲಿ ಇಲ್ಲದಿರಲಿ, ವೈದ್ಯರ ಬಳಿ ಹೋಗಲೇಬೇಕು.

## ಹಂತ 8: ಬರೆದಿಡಿ, ಕೇಳಿ, ಮತ್ತೆ ಅಳೆಯಿರಿ

ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಕೊಡುವ ಅರ್ಜಿಯಲ್ಲಿ ನಕ್ಷೆ, ದೂರ, ಟ್ಯಾಂಕರ್ ದಿನಚರಿ, ಪ್ರಯೋಗಾಲಯದ ವರದಿ, ಹಿನ್ನೆಲೆ ಮಟ್ಟ ಮತ್ತು ನೀವು ಮಾಡಿದ ಊಹೆಗಳು ಇರಲಿ. "ನಮ್ಮ ಆರೋಗ್ಯ ಹಾಳಾಗಿದೆ" ಎಂಬ ಸಾಲಿಗಿಂತ, ಆವಿ ಮರುಸಂಗ್ರಹ ವ್ಯವಸ್ಥೆ (ಆವಿ ಗಾಳಿಗೆ ಸೇರದಂತೆ ಹಿಡಿದು ಹಿಂದಿರುಗಿಸುವ ಏರ್ಪಾಡು) ಈ ಬಂಕ್‌ಗೆ ಕಡ್ಡಾಯವೇ, ಅಳವಡಿಸಿದ್ದರೆ ಟ್ಯಾಂಕರ್ ಇಳಿಸುವಾಗ ಮೆದುಗೊಳವೆ ಜೋಡಿಸುತ್ತಿದ್ದಾರೆಯೇ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಬೇಗ ಸಿಗುತ್ತದೆ. ಅಲ್ಲಿಯವರೆಗೆ ಟ್ಯಾಂಕರ್ ಇರುವಷ್ಟು ಹೊತ್ತು ಬಂಕ್ ಕಡೆಯ ಕಿಟಕಿ ಮುಚ್ಚಿ, ಅದು ಹೋದ ಮೇಲೆ ಎದುರು ಬದಿಯದನ್ನು ತೆರೆಯಿರಿ. ಥಿನ್ನರ್ ಡಬ್ಬ, ಪೆಟ್ರೋಲ್ ಕ್ಯಾನ್‌ಗಳನ್ನು ಮನೆಯಿಂದ ಹೊರಹಾಕಿ.

ಬಂಕ್‌ನವರು ವ್ಯವಸ್ಥೆ ಸರಿಪಡಿಸಿದರೆ ಅದೇ ಮೂರು ಜಾಗಗಳಲ್ಲಿ, ಅದೇ ಋತುವಿನಲ್ಲಿ, ಅದೇ ಪ್ರಯೋಗಾಲಯದಿಂದ ಮತ್ತೆ ಅಳತೆ ಮಾಡಿಸಿ. ಚಳಿಗಾಲದಲ್ಲಿ ಅಳೆದು ಮಳೆಗಾಲದಲ್ಲಿ ಮರುಅಳತೆ ಮಾಡಿದರೆ ಕಾಣುವ ಇಳಿಕೆ ಗಾಳಿಯ ದಿಕ್ಕಿನದೋ ಮೆದುಗೊಳವೆಯದೋ ಎಂದು ಹೇಳಲು ಬರುವುದಿಲ್ಲ.